ಬಾಣಂತನ ಮತ್ತು ಒಂಬತ್ತಡಿ ಹಿಮ

ನಮ್ಮ ಕಡೆ ಆಕಾಶದಿಂದ ಬೆಳ್ಳಗೆ ಏನಾದರೂ ಬಿತ್ತು ಎಂದರೆ ಅದು ಆಲಿಕಲ್ಲು. ಅದೂ ವರ್ಷ ವರ್ಷ ಬೀಳುವುದಿಲ್ಲ. ಬಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ, ಮಾವಿನಕಾಯಿ ಇನ್ನೇನು ಬಲಿಯಬೇಕು ಎನ್ನುವಾಗ. ನಾನು ಸೇರಿದ ಮನೆ ಶ್ರೀನಿವಾಸಪುರದ್ದು. ಮಕ್ಕಳೆಲ್ಲ ಲೋಟ ಹಿಡಿದು ಅಂಗಳಕ್ಕೆ ಓಡಿದರೆ ನಮ್ಮ ಮಾವನವರು ಜಗುಲಿಯ ಕಂಬ ಹಿಡಿದು ತೋಟದ ದಿಕ್ಕಿಗೆ ನೋಡುತ್ತಾ ನಿಂತುಬಿಡುತ್ತಿದ್ದರು. ಏಟು ತಿಂದ ಕಾಯಿಯ ಮೇಲೆ ಕಪ್ಪು ಚುಕ್ಕೆ. ಚುಕ್ಕೆ ಬಿದ್ದ ಕಾಯಿಗೆ ಮಂಡಿಯಲ್ಲಿ ಅರ್ಧ ಬೆಲೆಯೂ ಇಲ್ಲ. ಅರ್ಧ ಗಂಟೆಯಲ್ಲಿ ಕರಗಿಹೋಗುವ ಬಿಳುಪು ಒಂದು ವರ್ಷದ ಲೆಕ್ಕವನ್ನೇ ನುಂಗಿಹಾಕುತ್ತಿತ್ತು. ಆದ್ದರಿಂದ ಹಿಮ ಎಂದರೆ ಸಿನಿಮಾದ ಹಾಡು, ಕ್ಯಾಲೆಂಡರಿನ ಚಿತ್ರ ಎಂದುಕೊಂಡವಳು ನಾನಲ್ಲ. ಮೇಲಿನಿಂದ ಬೀಳುವುದಕ್ಕೆ ತೂಕವಿದೆ ಎಂಬುದು ಗೊತ್ತಿತ್ತು. ಎಷ್ಟು ತೂಕ ಎಂಬುದು ತಿಳಿದದ್ದು ಮಾತ್ರ 2015ರಲ್ಲಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದಾಗ.

ಅವಳ ಮನೆ ಮಸಾಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್ ಇದ್ದೀತು, ನಮ್ಮ ಕೋಲಾರಕ್ಕೂ ಮುಳಬಾಗಿಲಿಗೂ ಇರುವಷ್ಟು ಎಂದುಕೊಳ್ಳಿ. ಅಂಟು, ಕೊಬ್ಬರಿ, ಬಾಣಂತಿ ಖಾರದ ಪುಡಿ ಎಲ್ಲವನ್ನೂ ಕಟ್ಟಿಕೊಂಡು ನಾನೂ ನಮ್ಮವರೂ 2014ರ ಡಿಸೆಂಬರಿನಲ್ಲಿ ಹೋಗಿ ಇಳಿದೆವು. ಹೆರಿಗೆಗೆ ಡಾಕ್ಟರು ಹೇಳಿದ್ದು ಫೆಬ್ರವರಿ ಎರಡನೆಯ ವಾರ. ಜನವರಿ ಮೂರನೆಯ ವಾರದವರೆಗೂ ಹಿಮ ಅಷ್ಟಕ್ಕಷ್ಟೆ. ಹುಲ್ಲಿನ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬೀಳುವುದು, ಹೋಗುವುದು. ನಮ್ಮವರು ಕಿಟಕಿಯ ಹತ್ತಿರ ಕುಳಿತು, "ಇದಕ್ಕೇನಾ ನೀವೆಲ್ಲಾ ಇಷ್ಟು ದೊಡ್ಡ ಬೂಟು ಕೊಂಡಿರುವುದು?" ಎಂದು ಅಳಿಯಂದಿರನ್ನು ರೇಗಿಸುತ್ತಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಜನವರಿ 26ರ ರಾತ್ರಿ ಶುರುವಾಯಿತು ನೋಡಿ. ಅರ್ಧರಾತ್ರಿಯಿಂದ ರಸ್ತೆಯಲ್ಲಿ ಯಾರೂ ಗಾಡಿ ಓಡಿಸಕೂಡದು, ತುರ್ತಿನವರನ್ನು ಬಿಟ್ಟು, ಎಂದು ಆ ರಾಜ್ಯದ ಗವರ್ನರು ಆಜ್ಞೆ ಮಾಡಿದರು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಬಾಗಿಲಿನ ಆಚೆ ಇನ್ನೊಂದು ಬಿಳಿಯ ಬಾಗಿಲು. ತೊಡೆಯವರೆಗೆ ಹಿಮ. ಮಗಳ ಕಾರು ಷೆಡ್ಡಿನಲ್ಲಿ; ಷೆಡ್ಡಿನಿಂದ ರಸ್ತೆಗೆ ನಲವತ್ತು ಅಡಿ ಉದ್ದದ ದಾರಿ. ಅದಕ್ಕೆ ಅಲ್ಲಿ ಡ್ರೈವ್‌ವೇ ಎನ್ನುತ್ತಾರೆ. ಆ ದಾರಿ ಎಲ್ಲಿತ್ತು ಎಂಬುದನ್ನೇ ಅಂದಾಜು ಮಾಡಬೇಕು. ದಿನ ತುಂಬುತ್ತಿರುವ ಹುಡುಗಿ ಒಳಗೆ, ಆಸ್ಪತ್ರೆ ಎಂಟು ಮೈಲಿ ಆಚೆ, ನಡುವೆ ಈ ನಲವತ್ತು ಅಡಿ. ನನಗೆ ಆ ಎಂಟು ಮೈಲಿಯ ಯೋಚನೆ ಒಂದು ದಿನವೂ ಬರಲಿಲ್ಲ. ಈ ನಲವತ್ತು ಅಡಿಯದೇ ಯೋಚನೆ.

ಹಿಮ ತೆಗೆಯುವ ಸಲಿಕೆ ನಮ್ಮ ಸಲಿಕೆಯಂತಲ್ಲ. ದೊಡ್ಡದೊಂದು ಮೊರಕ್ಕೆ ಉದ್ದನೆಯ ಹಿಡಿ ಹಾಕಿದ ಹಾಗಿರುತ್ತದೆ, ಪ್ಲಾಸ್ಟಿಕ್ಕಿನದು. ಎತ್ತಿ ಎಸೆಯುವುದಕ್ಕಿಂತ ತಳ್ಳುವುದೇ ಮೇಲು. ಎತ್ತಲೇಬೇಕಾದರೆ ಮೊಣಕಾಲು ಬಗ್ಗಿಸಬೇಕು, ಸೊಂಟವನ್ನಲ್ಲ. ಸ್ವಲ್ಪ ಸ್ವಲ್ಪವೇ ಎತ್ತಬೇಕು. ಹೆಗಲ ಮೇಲಿನಿಂದ ಹಿಂದಕ್ಕೆ ಎಸೆಯಕೂಡದು. ಎಲ್ಲ ಬಿದ್ದು ಮುಗಿಯಲಿ, ಒಟ್ಟಿಗೆ ತೆಗೆಯೋಣ ಎಂದು ಕಾಯುವುದೂ ಜಾಣತನವಲ್ಲ. ಬೀಳುತ್ತಿರುವಾಗಲೇ ಮೂರು ಗಂಟೆಗೊಮ್ಮೆ ಹೋಗಿ ನಾಲ್ಕಾರು ಇಂಚು ತೆಗೆದು ಬಂದರೆ ಮೈಯೂ ಉಳಿಯುತ್ತದೆ, ದಾರಿಯೂ ಉಳಿಯುತ್ತದೆ. ಇದೆಲ್ಲ ಅಳಿಯಂದಿರು ಮಾಡುವುದನ್ನು ನೋಡಿ ಕಲಿತದ್ದು. ಮೆಟ್ಟಿಲು ಮತ್ತು ಬಾಗಿಲ ಮುಂದಿನ ಜಾಗ ನನ್ನ ಪಾಲಿಗೆ ಬಂತು. "ಅತ್ತೆ, ನೀವು ಒಳಗೆ ಹೋಗಿ, ಕೈ ಮರಗಟ್ಟುತ್ತದೆ" ಎಂದರು. ನಾನು ಕೇಳಲಿಲ್ಲ. ಆ ಚಳಿಯಲ್ಲಿ ಬೀಳುವ ಹಿಮ ಒಣಗಿದ ಪುಡಿ. ಗಂಟೆಗೊಮ್ಮೆ ಪೊರಕೆಯಲ್ಲೇ ಗುಡಿಸಿಬಿಡಬಹುದು. ಐವತ್ತು ವರ್ಷ ಬಾಗಿಲು ಗುಡಿಸಿದ ಕೈ, ಅದಕ್ಕೆ ಯಾರು ಹೇಳಿಕೊಡಬೇಕು? ಗುಡಿಸಿದ ಮೇಲೆ ನೀರು ಚಿಮುಕಿಸುವ ಹಾಗಿಲ್ಲ, ಅದೊಂದೇ ವ್ಯತ್ಯಾಸ. ಚಿಮುಕಿಸಿದರೆ ಕ್ಷಣದಲ್ಲಿ ಗಾಜಾಗಿ, ಬಂದವರ ಸೊಂಟ ಮುರಿಯುತ್ತದೆ. ನೀರಿನ ಬದಲು ಅಲ್ಲಿ ಉಪ್ಪು ಎರಚುತ್ತಾರೆ, ಚೀಲಗಟ್ಟಲೆ ಕಲ್ಲುಪ್ಪು. ಉಪ್ಪು ಸೇರಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲವಲ್ಲ, ಅದಕ್ಕೆ. ಕೈತಪ್ಪಿ ನಾಲ್ಕು ಕಲ್ಲುಪ್ಪು ನೆಲಕ್ಕೆ ಬಿದ್ದರೆ ನಮ್ಮತ್ತೆ ಅರ್ಧ ದಿನ ಗೊಣಗುತ್ತಿದ್ದರು. ನಾನಿಲ್ಲಿ ಹೊಸಿಲ ಮುಂದೆ ಬೊಗಸೆ ಬೊಗಸೆ ಎರಚುವಾಗ ಅವರು ಎಲ್ಲಿಂದಲೋ ನೋಡುತ್ತಿದ್ದಾರೇನೋ ಅನ್ನಿಸುತ್ತಿತ್ತು.

ನಮ್ಮವರ ಕಥೆಯೇ ಬೇರೆ. ಅವರ ಎದೆಗೆ 2012ರಲ್ಲಿ ಸ್ಟೆಂಟ್ ಹಾಕಿದ್ದರು. ಆಗ ವಯಸ್ಸು ಅರವತ್ತಾರು, ತೋಟದಲ್ಲಿ ದುಡಿದ ಮೈ, ಅಳಿಯ ಒಬ್ಬನೇ ತಳ್ಳುತ್ತಿದ್ದರೆ ಕುಳಿತಲ್ಲಿ ಕೂರಲಾಗದು. ಬೆಳಗಿನ ಜಾವ ಯಾರಿಗೂ ಹೇಳದೆ ಸಲಿಕೆ ಹಿಡಿದು ಹೊರಟಿದ್ದರು. ಮಗಳು ಹೊಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ಬಂದು ನಿಂತಳು. "ಅಪ್ಪಾ, ಈ ದೇಶದಲ್ಲಿ ಚಳಿಗಾಲ ಬಂದರೆ ಇದೇ ಕೆಲಸ ಮಾಡುತ್ತಾ ಹೃದಯ ನಿಂತು ಸಾಯುತ್ತಾರೆ ಜನ, ಗೊತ್ತಾ?" ಎಂದಳು. ಹೆದರಿಸುವುದಕ್ಕೆ ಹೇಳಿದ ಮಾತಲ್ಲ. 1990ರಿಂದ 2006ರವರೆಗಿನ ಹದಿನೇಳು ವರ್ಷದ ಲೆಕ್ಕ ಹಾಕಿದವರಿದ್ದಾರೆ: ಅಮೆರಿಕದಲ್ಲಿ ಹಿಮ ತೆಗೆಯಲು ಹೋಗಿ ಪೆಟ್ಟಾಗಿ, ಆಯಾಸವಾಗಿ ಆಸ್ಪತ್ರೆ ಸೇರುವವರು ವರ್ಷಕ್ಕೆ ಸುಮಾರು 11,500 ಮಂದಿ, ಸಾಯುವವರು ನೂರರ ಹತ್ತಿರ. ಚಳಿಗೆ ರಕ್ತನಾಳ ಬಿಗಿದಿರುತ್ತದೆ, ಅದೇ ಹೊತ್ತಿನಲ್ಲಿ ತೋಳಿನ ಶ್ರಮಕ್ಕೆ ಎದೆ ಎರಡರಷ್ಟು ದುಡಿಯಬೇಕಾಗುತ್ತದೆ. ನಮ್ಮವರು ಸಲಿಕೆ ಗೋಡೆಗೆ ಒರಗಿಸಿ ಒಳಗೆ ಬಂದರು. ಆ ದಿನವೆಲ್ಲ ಮಾತಿಲ್ಲ. ಮಾತು ಬಿಟ್ಟದ್ದಕ್ಕೆ ನನಗೇನೂ ಬೇಸರವಾಗಲಿಲ್ಲ; ಬಾಣಂತಿಯ ಮನೆಯಲ್ಲಿ ಇನ್ನೊಂದು ಹಾಸಿಗೆ ಹಾಸುವ ಧೈರ್ಯ ನನಗಿರಲಿಲ್ಲ.

ಅಷ್ಟಕ್ಕೂ ತೆಗೆಯಬೇಕಾದ್ದು ದಾರಿ ಒಂದೇ ಅಲ್ಲ. ಮನೆ ಬೆಚ್ಚಗಿಡುವ ಒಲೆಯ ಹೊಗೆ ಗೋಡೆಯ ಕೊಳವೆಯಿಂದ ಆಚೆ ಹೋಗುತ್ತದೆ. ಆ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಹೋದರೆ ವಿಷದ ಗಾಳಿ ಮನೆಯೊಳಗೇ ಉಳಿಯುತ್ತದೆ. ಕಾರಿನ ಹೊಗೆ ಕೊಳವೆಯೂ ಹಾಗೆಯೇ. 2013ರ ಫೆಬ್ರವರಿಯಲ್ಲಿ ಬಾಸ್ಟನ್ನಿನಲ್ಲಿ ತಂದೆಗೆ ಹಿಮ ತೆಗೆಯಲು ನೆರವಾಗುತ್ತಿದ್ದ 11 ವರ್ಷದ ಹುಡುಗನೊಬ್ಬ ಚಳಿ ತಡೆಯದೆ, ಎಂಜಿನ್ ಓಡುತ್ತಿದ್ದ ಕಾರಿನೊಳಗೆ ಹೋಗಿ ಕುಳಿತ. ಹಿಂದಿನ ಕೊಳವೆ ಹಿಮದಲ್ಲಿ ಹುದುಗಿತ್ತು. ಮಗು ಉಳಿಯಲಿಲ್ಲ. ಇದನ್ನು ಕೇಳಿದಾಗ ನನಗೆ ನಮ್ಮ ಬಾಣಂತಿ ಕೋಣೆಗಳು ನೆನಪಾದವು. ಕಿಟಕಿಯ ಸಂದಿಗೂ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬೆಚ್ಚಗಿದೆ ಎಂದುಕೊಳ್ಳುತ್ತಿದ್ದೆವಲ್ಲ! ಬಾಣಂತಿಗೆ ಮಂಪರು ಎಂದರೆ ವಾಯು ಎನ್ನುತ್ತಿದ್ದರು. ಈಗಲೂ ಹಾಗೆ ಮಾಡುವವರಿದ್ದರೆ ದಯವಿಟ್ಟು ಒಂದು ಕಿಟಕಿಯನ್ನಾದರೂ ತೆರೆದಿಡಿ.

ಫೆಬ್ರವರಿ 2ಕ್ಕೆ ಎರಡನೆಯ ಸಲ. 7ರಿಂದ ಮೂರನೆಯದು; ಅದು ಮೂರು ದಿನ ಬಿಡದೆ ಬಿತ್ತು. ತೆಗೆದ ಹಿಮ ಹಾಕಲು ಜಾಗವಿಲ್ಲ. ಡ್ರೈವ್‌ವೇಯ ಎರಡೂ ಕಡೆ ನನ್ನ ತಲೆಗಿಂತ ಎತ್ತರದ ಗೋಡೆ. ಅದರ ಮೇಲಕ್ಕೆ ಎಸೆದದ್ದು ಅರ್ಧ ವಾಪಸು ಜಾರುತ್ತಿತ್ತು. ಅಳಿಯಂದಿರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಇದರ ಮೇಲೆ ನಗರಸಭೆಯವರ ಹಿಮ ತಳ್ಳುವ ಲಾರಿ ಬೇರೆ. ಪಾಪ, ಅದು ಬಂದರೇ ರಸ್ತೆ. ಆದರೆ ಅದು ರಸ್ತೆಯ ಹಿಮವನ್ನೆಲ್ಲ ಬದಿಗೆ ತಳ್ಳುತ್ತಾ ಹೋಗುವಾಗ ಪ್ರತಿಯೊಂದು ಡ್ರೈವ್‌ವೇಯ ಬಾಯಿಗೂ ಒಂದು ಬದು ಕಟ್ಟಿ ಹೋಗುತ್ತದೆ. ನಾವು ತೆಗೆಯುವುದು ಪುಡಿ; ಅದು ಬಿಟ್ಟುಹೋಗುವುದು ಉಪ್ಪು, ಮಣ್ಣು, ನೀರು ಬೆರೆತು ಕಲ್ಲಾಗುವ ಮುದ್ದೆ. ರಸ್ತೆಗೆ ಮುಖ ಮಾಡಿ ನಿಂತು ಹಿಮವನ್ನೆಲ್ಲ ಬಲಗಡೆಗೇ ಹಾಕಿದರೆ, ಎಡಗಡೆ ಸ್ವಲ್ಪ ಜಾಗ ಖಾಲಿ ಬಿಟ್ಟರೆ, ಲಾರಿಯ ಹೊರೆ ಅಲ್ಲೇ ಸ್ವಲ್ಪ ಇಳಿದು ಬದು ಚಿಕ್ಕದಾಗುತ್ತದಂತೆ. ಚಿಕ್ಕದು ಎಂದರೆ ಸೊಂಟದವರೆಗೆ.

9ರ ರಾತ್ರಿ ಒಂದೂವರೆಗೆ ಮಗಳು ನನ್ನ ಕೋಣೆಯ ಬಾಗಿಲು ತಟ್ಟಿದಳು. "ಅಮ್ಮಾ, ಶುರುವಾಯಿತು ಅನ್ನಿಸುತ್ತೆ." ಅಳಿಯಂದಿರು ಹನ್ನೊಂದಕ್ಕೆ ದಾರಿ ಬಿಡಿಸಿ ಬಂದು ಮಲಗಿದ್ದವರು. ಹೊರಗೆ ನೋಡಿದರೆ ದಾರಿಯೇನೋ ಇದೆ, ಬಾಯಲ್ಲಿ ಬದು. ಲಾರಿ ಅದೇ ತಾನೇ ಹೋಗಿದೆ. ಅವರು ಸಲಿಕೆ ಹಿಡಿದು ಓಡಿದರು. ನಾನು ಮಗಳ ಬೆನ್ನು ನೀವುತ್ತಾ ಕಿಟಕಿಯಿಂದ ನೋಡುತ್ತಿದ್ದೇನೆ. ಒಂದೊಂದು ಸಲಿಕೆಯೂ ಒಂದೊಂದು ಯುಗ. ನಮ್ಮವರು ಎದ್ದು ಬೂಟು ಹಾಕಿಕೊಂಡರು. ಈ ಸಲ ನಾನಾಗಲಿ ಮಗಳಾಗಲಿ ಅಡ್ಡ ಬರಲಿಲ್ಲ. ಅಡ್ಡ ಬರುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಷೆಡ್ಡಿನ ದೀಪ ಹತ್ತಿತು. ಆ ಮನೆಯಲ್ಲಿದ್ದದ್ದು ಎಪ್ಪತ್ತು ದಾಟಿದ ಒಬ್ಬಂಟಿ ಹೆಂಗಸು. ಎರಡು ತಿಂಗಳಲ್ಲಿ ಅವರಿಗೂ ನನಗೂ ನಡೆದ ಮಾತೆಂದರೆ ಕೈ ಬೀಸುವುದು, ನಗುವುದು, ಅಷ್ಟೆ. ರಾತ್ರಿ ಉಡುಪಿನ ಮೇಲೆ ಉದ್ದನೆಯ ಕೋಟು, ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಹಿಮ ಊದುವ ಯಂತ್ರ. ನಮ್ಮ ಟಿಲ್ಲರಿನ ಹಾಗೆ ಹಿಂದಿನಿಂದ ಹಿಡಿದು ನಡೆಸುವಂಥದ್ದು. ಮುಂದಿನ ಬಾಯಿಂದ ಹಿಮ ತಿಂದು ಕೊಳವೆಯಿಂದ ಇಪ್ಪತ್ತಡಿ ಆಚೆ ಉಗುಳುತ್ತದೆ. ಮುದುಕಿ ಅದನ್ನು ರಸ್ತೆ ದಾಟಿಸಿಕೊಂಡು ಬಂದು ಬದುವಿಗೆ ಹಚ್ಚಿದರು. ಒಮ್ಮೆ ನಮ್ಮವರ ಕಡೆ ತಿರುಗಿ, ಹೋಗಿ ಒಳಗೆ ಎಂಬಂತೆ ಕೈ ಮಾಡಿದರು. ನಾನು ಮೂವತ್ತೆಂಟು ವರ್ಷ ಹೇಳಿದರೂ ಕೇಳದ ಮನುಷ್ಯ ಆ ಕೈಸನ್ನೆಗೆ ಸುಮ್ಮನೆ ವಾಪಸು ಬಂದರು! ಕಾಲು ಗಂಟೆಗೆ ಕಾರು ರಸ್ತೆಗೆ ಇಳಿಯಿತು.

ಮೊಮ್ಮಗಳು ಹುಟ್ಟಿದ್ದು 10ರ ಬೆಳಿಗ್ಗೆ. ಆ ದಿನ ಬಾಸ್ಟನ್ನಿನ ಮೆಟ್ರೊ ರೈಲುಗಳು ಇಡೀ ದಿನ ನಿಂತಿದ್ದವು. ಮಗಳನ್ನು ನೋಡಿಕೊಂಡ ನರ್ಸಮ್ಮ, ಬದಲಿಗೆ ಬರಬೇಕಾದವರು ಬರಲಾಗದೆ, ರಾತ್ರಿಯೂ ಹಗಲೂ ಅವರೇ ಇದ್ದರು. ಆಮೇಲೆ ಅಂಟಿನುಂಡೆ ಮಾಡಿದಾಗ ಬಾಣಂತಿಗೆ ಎಂದು ಎತ್ತಿಟ್ಟ ಡಬ್ಬಿಯಿಂದ ಎಂಟು ಉಂಡೆ ಎದುರುಮನೆಗೆ ಹೋದವು. ಅವರು ಅದನ್ನು ಕಾಫಿಯಲ್ಲಿ ಅದ್ದಿಕೊಂಡು ತಿಂದರಂತೆ. ತಿನ್ನಲಿ.

ಇನ್ನು ಚಾವಣಿಯ ಮಾತು. ಮಗು ಮನೆಗೆ ಬಂದ ಮೇಲೆ, 15ನೆಯ ತಾರೀಖಿನ ನಾಲ್ಕನೆಯ ಹಿಮ ಬಿದ್ದ ಮಾರನೆಯ ದಿನ, ಅಡುಗೆಮನೆಯ ಮೂಲೆಯಲ್ಲಿ ಕಂದು ಬಣ್ಣದ ಒಂದು ಕಲೆ ಕಾಣಿಸಿತು. ಸೋರುವ ಮನೆಯಲ್ಲಿ ಹುಟ್ಟಿದವಳಿಗೆ ಆ ಕಲೆ ಹೊಸದಲ್ಲ. ನಮ್ಮ ಮುಳಬಾಗಿಲಿನ ಮನೆ ಮಣ್ಣಿನ ಮಾಳಿಗೆ. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ಚೌಳುಮಣ್ಣು. ನೀರನ್ನು ಒಳಕ್ಕೆ ಬಿಡದ ಗುಣ ಆ ಚೌಳಿಗಿದೆ. ಆದರೆ ದೋಣಿಯ ಬಾಯಲ್ಲಿ ಕಸ ಸಿಕ್ಕಿಕೊಂಡು ನೀರು ನಿಂತರೆ ಯಾವ ಚೌಳೂ ತಡೆಯದು. ರಾತ್ರಿ ಹೊಡೆಯುವ ಮಳೆಯಲ್ಲಿ ಗೋಣಿಚೀಲ ಹೊದ್ದು ಏಣಿ ಹತ್ತುತ್ತಿದ್ದವಳು ನಮ್ಮಮ್ಮ. ಅಪ್ಪ ಕೆಳಗೆ ಲಾಟೀನು ಹಿಡಿದು ನಿಲ್ಲುತ್ತಿದ್ದರು. ಮಾಳಿಗೆ ಯಾವಾಗಲೂ ಹೆಂಗಸರ ಕೆಲಸ ಎಂಬ ಲೆಕ್ಕ, ಒಲೆಯ ಹಾಗೆ, ಕಸದ ಹಾಗೆ. ಒಂದು ರಾತ್ರಿ ಕಾಲು ಜಾರಿ ಬಿದ್ದಳು. ಮುರಿದ ಬಲಗೈ ಮಣಿಕಟ್ಟು ಮತ್ತೆ ನೆಟ್ಟಗೆ ಕೂಡಲೇ ಇಲ್ಲ. ಅಲ್ಲಿಂದ ಸಾಯುವವರೆಗೂ ಮುದ್ದೆ ತಿರುವಿದ್ದು ಎಡಗೈಯಲ್ಲಿ.

ಆದ್ದರಿಂದ ಅಳಿಯಂದಿರು ಏಣಿ ತಂದು ಗೋಡೆಗೆ ನಿಲ್ಲಿಸಿದಾಗ ನಾನು ಹೇಳಿದೆ: "ನೀವು ಮೇಲೆ ಹತ್ತಿದರೆ ನಾನು ಕೆಳಗೆ ಒಲೆ ಹಚ್ಚುವುದಿಲ್ಲ." ಅತ್ತೆಯ ಬಾಯಲ್ಲಿ ಇಂಥ ಮಾತು ಅವರು ಕೇಳಿದವರಲ್ಲ. ಏಣಿ ಷೆಡ್ಡಿಗೆ ಹೋಯಿತು.

ಹಿಮದ ತೂಕದ ಲೆಕ್ಕ ಅಂದು ರಾತ್ರಿ ಅವರೇ ಕಾಗದದಲ್ಲಿ ಹಾಕಿ ತೋರಿಸಿದರು. ಹತ್ತಡಿಗೆ ಹತ್ತಡಿ ಜಾಗದಲ್ಲಿ ಒಂದಿಂಚು ನೀರು ನಿಂತರೆ ಅದರ ತೂಕ ಸುಮಾರು 236 ಕೆ.ಜಿ. ಹೊಸ ಹಿಮ ಹತ್ತಿಂಚು, ಹನ್ನೆರಡಿಂಚು ಕರಗಿದರೆ ಒಂದಿಂಚು ನೀರು. ಆದರೆ ಅದುಮಿಕೊಂಡು ಕುಳಿತ ಹಳೆಯ ಹಿಮದ ಎರಡಡಿಯಲ್ಲಿ ನಾಲ್ಕೈದು ಇಂಚು ನೀರಿರುತ್ತದೆ. ಅಂದರೆ ಒಂದು ಕೋಣೆಯ ನೆತ್ತಿಯ ಮೇಲೆ ನೂರು ಕೆ.ಜಿ.ಯ ಹತ್ತು ಮೂಟೆ ರಾಗಿ! ಆ ಫೆಬ್ರವರಿಯಲ್ಲಿ ಆ ರಾಜ್ಯದಲ್ಲಿ ಎಷ್ಟೋ ಅಂಗಡಿ, ಗೋದಾಮುಗಳ ಚಾವಣಿ ಕುಸಿದವು. ಮನೆಗಳಿಗೆ ಕುಸಿತಕ್ಕಿಂತ ಸೋರುವ ಕಾಟ ಹೆಚ್ಚು. ಒಳಗಿನ ಬಿಸಿಗೆ ಚಾವಣಿಯ ಮೇಲ್ಭಾಗದ ಹಿಮ ಕರಗಿ ನೀರು ಇಳಿಯುತ್ತದೆ. ಗೋಡೆ ದಾಟಿದ ಸೂರಿನ ಅಂಚು ತಣ್ಣಗಿರುವುದರಿಂದ ಅಲ್ಲಿ ಬಂದು ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಅಂಚಿನುದ್ದಕ್ಕೂ ಮಂಜುಗಡ್ಡೆಯ ಕಟ್ಟೆ ಬೆಳೆದು, ಹಿಂದೆ ನಿಂತ ನೀರು ಹೊದಿಕೆಯ ಸಂದಿಯಲ್ಲಿ ಹಿಮ್ಮುಖವಾಗಿ ಏರಿ ಅಡುಗೆಮನೆಗೆ ಇಳಿಯುತ್ತದೆ. ಮಾಲೂರಿನ ಹಂಚಿನ ಮನೆಯಲ್ಲಿ ನನ್ನ ಸೋದರತ್ತೆ ಮಳೆಗೆ ಮುಂಚೆ ಒಡೆದ ಹಂಚು ಹುಡುಕಿ ಬದಲಾಯಿಸುತ್ತಿದ್ದರು. ಇಲ್ಲಿ ಒಡೆದದ್ದೇನೂ ಇಲ್ಲ. ಎಲ್ಲ ಸರಿಯಿದ್ದೂ ಸೋರುತ್ತದೆ.

ಇದಕ್ಕೆ ಅವರ ಮದ್ದು ಎರಡು. ಒಂದು, ಹೆಂಗಸರ ಹಳೆಯ ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ತುಂಬಿ ಆ ಕಟ್ಟೆಗೆ ಅಡ್ಡಲಾಗಿ ಮಲಗಿಸುವುದು. ಅದು ಕರಗುತ್ತಾ ಕಟ್ಟೆಯಲ್ಲಿ ನೀರಿಗೆ ಒಂದು ಕಾಲುವೆ ಕೊರೆಯುತ್ತದೆ. ಇನ್ನೊಂದು, ನೆಲದ ಮೇಲೆಯೇ ನಿಂತು ಚಾವಣಿಯ ಹಿಮ ಎಳೆಯುವ ಉದ್ದನೆಯ ಗಳ, ತುದಿಯಲ್ಲಿ ಅಗಲದ ಹಲಗೆ. ಊರಿನ ಯಾವ ಅಂಗಡಿಯಲ್ಲೂ ಆ ವಾರ ಅದು ಸಿಗಲಿಲ್ಲ, ಎಲ್ಲ ಮಾರಿಹೋಗಿತ್ತು. ಕೊನೆಗೆ ಎದುರುಮನೆಯಿಂದಲೇ ಬಂತು.

ಅದನ್ನು ನೋಡಿ ನಮ್ಮವರ ಮುಖ ಅರಳಿತು. "ಇದು ನಮ್ಮ ದೋಟಿ ಅಲ್ಲವೇನೇ!" ಎಂದರು. ಮಾವಿನಕಾಯಿ ಕೀಳುವ ದೋಟಿ ಹಿಡಿದು ಬೆಳೆದವರು. ಹಿಡಿಯಲು ಬಿಡಲಿಲ್ಲ, ಆದರೆ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಅಳಿಯಂದಿರಿಗೆ ಹೇಳಿಕೊಡಲು ಯಾರ ಅಪ್ಪಣೆ ಬೇಕು? "ಬೀಳುವ ಜಾಗದ ಕೆಳಗೆ ನಿಲ್ಲಬೇಡಿ, ಓರೆಯಾಗಿ ನಿಲ್ಲಿ. ತೋಳಿನಿಂದ ಎಳೆಯಬೇಡಿ, ಹೆಜ್ಜೆ ಹಿಂದಕ್ಕಿಡಿ, ಅದೇ ಬರುತ್ತದೆ. ಒಂದೇ ಕಡೆ ಖಾಲಿ ಮಾಡಬೇಡಿ, ಆ ಕಡೆಯೂ ಇಷ್ಟು, ಈ ಕಡೆಯೂ ಇಷ್ಟು." ವಿದ್ಯುತ್ ತಂತಿಯ ಹತ್ತಿರ ಹೋಗಬೇಡಿ ಎಂದೂ ಹತ್ತು ಸಲ. ಅಂಚಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಪೂರ್ತಿ ಕೆರೆಯದೆ ಒಂದೆರಡು ಇಂಚು ಬಿಡಬೇಕು, ಇಲ್ಲದಿದ್ದರೆ ಹೊದಿಕೆ ಕಿತ್ತುಬರುತ್ತದೆ. ಧೊಪ್ಪೆಂದು ಬೀಳುವ ಒಂದೊಂದು ರಾಶಿಗೂ ತೊಟ್ಟಿಲಲ್ಲಿ ಮಗು ಬೆಚ್ಚಿಬೀಳುವುದು, ನಾನು ಎದೆಯ ಮೇಲೆ ಕೈಯಿಡುವುದು. ಹೀಗೆ ಎರಡು ದಿನ. ಕಲೆ ಅಷ್ಟಕ್ಕೇ ನಿಂತಿತು.

ಆ ಚಳಿಗಾಲ ಬಾಸ್ಟನ್ನಿನಲ್ಲಿ ಬಿದ್ದ ಹಿಮ 110.6 ಇಂಚು, ಒಂಬತ್ತಡಿಗೂ ಮೇಲೆ. ಅಲ್ಲಿನ ದಾಖಲೆಯಲ್ಲೇ ಅತಿ ಹೆಚ್ಚು. ಹಿಂದಿನದು 1995-96ರ 107.6. ಅದರಲ್ಲೂ ಫೆಬ್ರವರಿ ಒಂದರಲ್ಲೇ 64.8. ನಗರದೊಳಗೆ ಮನೆಯವರು ರಸ್ತೆಯಂಚಿನಲ್ಲಿ ತಾವು ಬಿಡಿಸಿದ ಕಾರಿನ ಜಾಗಕ್ಕೆ ಮುರುಕಲು ಕುರ್ಚಿ, ಇಸ್ತ್ರಿ ಮೇಜು ಇಟ್ಟು ಕಾಯ್ದಿರಿಸುತ್ತಾರೆ. ನಮ್ಮಲ್ಲಿ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವುದಿಲ್ಲವೇ, ಹಾಗೆ. ಲಾರಿಗಳಲ್ಲಿ ಸಾಗಿಸಿ ಒಂದು ಬಯಲಿನಲ್ಲಿ ಗುಡ್ಡೆ ಹಾಕಿದ ಹಿಮ ಪೂರ್ತಿ ಕರಗಿದ್ದು ಜುಲೈ 14ಕ್ಕೆ. ಅಷ್ಟು ಹೊತ್ತಿಗೆ ನಾವು ಊರಿಗೆ ಬಂದು ಮಾವಿನ ಕೊಯಿಲನ್ನೂ ಮುಗಿಸಿದ್ದೆವು. ಒಂದು ಲೆಕ್ಕ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಆ ಒಂಬತ್ತಡಿ ಹಿಮ ಕರಗಿಸಿದರೆ ಹತ್ತು ಇಂಚಿನ ಆಸುಪಾಸು ನೀರು. ನಮ್ಮ ಬರಗಾಲದ ಕೋಲಾರಕ್ಕೆ ವರ್ಷಕ್ಕೆ ಬೀಳುವ ಮಳೆ ಮೂವತ್ತು ಇಂಚಿನ ಹತ್ತಿರ! ಸಾವಿರ ಅಡಿ ಕೊಳವೆಬಾವಿ ಕೊರೆದು, ಟ್ಯಾಂಕರಿಗೆ ದುಡ್ಡು ಕೊಟ್ಟು, ಕೊಡ ಎಣಿಸಿದವರು ನಾವು. ಬಿದ್ದದ್ದನ್ನು ಹಿಡಿದಿಡಲಾರದೆ ನಮಗೆ ಕಷ್ಟ, ಬಿದ್ದದ್ದು ಹೋಗದೆ ಅವರಿಗೆ.

ಹಿಡಿದಿಡಲಾರದ ಮಳೆಯೂ ನಮಗೆ ಬಂತು. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ವಾರಗಟ್ಟಲೆ ಸುರಿದು, ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು, ಹಳೆಯ ಮಣ್ಣಿನ ಮನೆಗಳು ಕುಸಿದವು. ನಾವಿರುವುದು ಕೋಲಾರದ ತಾರಸಿ ಮನೆಯಲ್ಲಿ. ಆದರೆ ಮುಳಬಾಗಿಲಿನ ಮಾಳಿಗೆ ಹಾಗೇ ಇತ್ತು. ತಮ್ಮ ಬೆಂಗಳೂರಿನಲ್ಲಿ, ಹಿಂದಿನ ಭಾಗದಲ್ಲಿ ಬಾಡಿಗೆಗೆ ಒಂದು ಸಂಸಾರ. ಆ ಮನೆಯ ಹುಡುಗಿ ಫೋನು ಮಾಡಿದಳು: "ಟೀಚರಮ್ಮಾ, ಮಾಳಿಗೆ ಮೇಲೆ ನೀರು ನಿಂತಿದೆ, ದೋಣಿಯಿಂದ ಒಂದು ಹನಿಯೂ ಬರ್ತಿಲ್ಲ. ನಾನೇ ಹತ್ತಿ ನೋಡಲಾ?"

ಹತ್ತಬೇಡ, ಬಂದೆ ಎಂದು ಹೇಳಿ ಆಟೋ ಮಾಡಿಕೊಂಡು ಹೋದೆವು. ಹಿತ್ತಲಲ್ಲಿ ಅವರೆ ಚಪ್ಪರಕ್ಕೆಂದು ತಂದ ಬಿದಿರಿತ್ತು. ನಮ್ಮವರು ಎರಡು ಗಳ ಸೇರಿಸಿ ಕಟ್ಟಿ, ತುದಿಗೆ ಕಬ್ಬಿಣದ ಕೊಕ್ಕೆ ಬಿಗಿದರು. ಹುಡುಗಿಯ ಗಂಡ ನೆಲದ ಮೇಲೆಯೇ ಓರೆಯಾಗಿ ನಿಂತು ದೋಣಿಯ ಬಾಯಿಗೆ ಹಾಕಿ ಎಳೆದ. ಮೊದಲು ಹೊಂಗೆ ಎಲೆ, ಆಮೇಲೆ ಒಂದು ಪ್ಲಾಸ್ಟಿಕ್ ಚೀಲ, ಒಂದು ಹಳೆಯ ಗೂಡು. ಆಮೇಲೆ ಕೆಂಪಗೆ ದಪ್ಪ ನೀರು ಧಾರೆಯಾಗಿ ಅಂಗಳಕ್ಕೆ ಬಿತ್ತು. ಹುಡುಗಿ ಒಳಗೆ ಓಡಿ ಇದ್ದಬದ್ದ ಕೊಳಗ, ಬಕೆಟ್ಟು ಎಲ್ಲ ತಂದು ಅದರ ಕೆಳಗೆ ಸಾಲಾಗಿ ಇಟ್ಟಳು.